ಹದಿನೇಳು ನಿಮಿಷ

ಹನ್ನೊಂದು ವರ್ಷ ಅದು ನನ್ನೊಬ್ಬಳದೇ.
ಹಗಲಿಡೀ ದೋಣಿಗಳ ಎಂಜಿನ್ ಬಿಚ್ಚಿ, ಕಟ್ಟಿ,
ಉಗುರಿನ ಗ್ರೀಸು ಉಗುರಲ್ಲೇ ಇರುವಾಗ
ರಾತ್ರಿ ಕೂತು ಬರೆದದ್ದು:
ಕಂಬಾದೋಸಿನ ಕೆಸರು ದಂಡೆಯಲ್ಲಿ
ನೀರು ಯಾವಾಗ ಹಿಂದೆ ಸರಿಯುತ್ತದೆ,
ಚಿಪ್ಪಿ ಹೆಕ್ಕಲು ಎಷ್ಟು ಹೊತ್ತು ಸಿಗುತ್ತದೆ,
ಅಷ್ಟೇ.
ಅಮ್ಮನಿಗಾಗಿ ಬರೆದ ಪ್ರೋಗ್ರಾಂ.
ಬಳಸುವವಳು ಒಬ್ಬಳು, ಬೈಯುವವಳೂ ಅವಳೇ.

ಅವಳು ಹೋದ ಮೇಲೂ ಅದು ಓಡುತ್ತಲೇ ಇತ್ತು
ಅಡಿಗೆಮನೆಯ ಹಳೇ ಕಂಪ್ಯೂಟರಿನಲ್ಲಿ,
ಯಾರೂ ಏಳದ ಹೊತ್ತಿನಲ್ಲಿ ಗಂಟೆ ಬಾರಿಸುತ್ತ.
ಪಕ್ಕದ ಸಾಲಿನ ಶೋಯಾನಾ ಕೇಳಿದಳು, ನಮಗೂ ಕೊಡೆ.
ಅವಳ ನಾದಿನಿ ಕೇಳಿದಳು, ನಾದಿನಿಯ ಗೆಳತಿ.
ಒಬ್ಬೊಬ್ಬರಿಗೆ ಕಿಟಕಿಯಿಂದ ಕೊಡುವ ಬದಲು
ಕದವನ್ನೇ ತೆಗೆದರಾಯಿತು ಅನ್ನಿಸಿತು:
ಓದಿ, ತಿದ್ದಿ, ಒಯ್ಯಿರಿ.

ತೆಗೆಯುವ ಮುನ್ನ ಗುಡಿಸಿದೆ,
ನೆಂಟರ ಕಾಲ್ಸಪ್ಪಳಕ್ಕೆ ಎಲ್ಲವನ್ನೂ
ಮಂಚದಡಿಗೆ ತಳ್ಳುವ ಹಾಗೆ.
ಚಂದ್ರನ ಲೆಕ್ಕಕ್ಕೆ ಬೆಕ್ಕಿನ ಹೆಸರಿಟ್ಟಿದ್ದೆ.
‘ಇದನ್ನು ಮುಟ್ಟಬೇಡ, ಯಾಕೆ ಸರಿಯಾಯಿತೋ ಗೊತ್ತಿಲ್ಲ’
ಎಂದು ನನಗೆ ನಾನೇ ಬರೆದುಕೊಂಡ ಟಿಪ್ಪಣಿ,
ಅದರ ಕೆಳಗೊಂದು ಬೈಗುಳ.
ಬೈಗುಳ ಅಳಿಸಿದೆ. ಬೆಕ್ಕನ್ನು ಬಿಟ್ಟೆ.

ಮೂರು ವಾರ ಒಂದು ನರಪಿಳ್ಳೆ ಇಲ್ಲ.
ಆಮೇಲೆ ಬ್ರಿಟನಿಯಿಂದ ಗ್ವೆನೋಲೆ ಎಂಬಾತ
ಕೇಳದೆ ಹೇಳದೆ ನಾನೂರು ಸಾಲು ಒಪ್ಪ ಮಾಡಿ ಕಳಿಸಿದ.
ಉರಿದುಹೋಯಿತು ಮೈಯೆಲ್ಲ.
ನನ್ನ ಅಡಿಗೆಮನೆ, ನನ್ನ ಡಬ್ಬಿ,
ಇವನ್ಯಾವನು ಗೂಡಿನಿಂದ ಗೂಡಿಗೆ ಸರಿಸಲು?
ಎರಡು ದಿನ ಮುಖ ಊದಿಸಿಕೊಂಡಿದ್ದೆ.
ಮೂರನೇ ದಿನ, ಒಪ್ಪಿಕೊಳ್ಳಬೇಕು,
ಉಪ್ಪು ಹುಡುಕದೆ ಕೈಗೆ ಸಿಕ್ಕಿತು.

ಮತ್ತೆ ಜಾಂಜಿಬಾರಿನಿಂದ ಮ್ವಾನಾಈಶಾ:
‘ಪಾಜೆಯಲ್ಲಿ ಕಡಲಪಾಚಿ ಬೆಳೆಯುವವರು ನಾವು.
ನಿನ್ನ ಲೆಕ್ಕವೆಲ್ಲ ಚೊಕ್ಕ,
ಆದರೆ ಇಳಿತ ಶುರುವಾಗುವ ಮೊದಲೇ ಗಂಟೆ ಹೊಡೆಯುತ್ತದೆ.
ಇನ್ನೂರಾರನೇ ಸಾಲಿನಲ್ಲಿ ಸುಮ್ಮಸುಮ್ಮನೆ
ಹದಿನೇಳು ಕಳೆದಿದ್ದೀಯ.
ಯಾವ ಚಂದ್ರನದು ಈ ಹದಿನೇಳು?
ಮರೆತು ಉಳಿದಿರಬೇಕು. ತೆಗೆಯಲೇ?’

ಚಂದ್ರನದಲ್ಲ, ಮ್ವಾನಾಈಶಾ. ಮೊಣಕಾಲಿನದು.
ಒಂದು ಕೈಯಲ್ಲಿ ಬಕೆಟ್ಟು, ಒಂದರಲ್ಲಿ ಕುಂಟೆ,
ಇಳಿಜಾರಿನ ತಿರುವಿನಲ್ಲೊಮ್ಮೆ,
ಮೀನಿನ ಹರಾಜುಕಟ್ಟೆಯ ಬಳಿ ಇನ್ನೊಮ್ಮೆ ನಿಂತು
ಎರ್ಮಿನಿಯಾ, ನನ್ನ ಅಮ್ಮ,
ನೀರು ಮುಟ್ಟಲು ಹಿಡಿಯುತ್ತಿದ್ದ ಹೊತ್ತು.
ಮೊದಲು ಒಂಬತ್ತಿತ್ತು. ಆಮೇಲೆ ಹನ್ನೆರಡು.
ಚಳಿಗಾಲಕ್ಕೊಮ್ಮೆ ತಿದ್ದುತ್ತಿದ್ದೆ, ಅವಳಿಗೆ ಹೇಳದೆ.
ನಾನು ಹೋಗುವತನಕ ಕಡಲು ಕಾಯುತ್ತದೆ ನೋಡು
ಎಂದು ಊರೆಲ್ಲ ಕೊಚ್ಚಿಕೊಳ್ಳುತ್ತಿದ್ದಳು.

ಇಷ್ಟನ್ನೂ ಬರೆದು, ಅಳಿಸಿ,
‘ಮನೆಯಿಂದ ದಂಡೆಗೆ ನಡೆಯುವ ಹೊತ್ತು’
ಎಂದಷ್ಟೇ ಕಳಿಸಿದೆ.

ಸಂಜೆಯೊಳಗೆ ಉತ್ತರ, ಹನ್ನೆರಡು ಸಾಲಿನ ಕೋಡು.
ಹದಿನೇಳಿರುವಲ್ಲಿ ಈಗ ಒಂದು ಖಾಲಿ ಚೌಕ,
ಅದರ ಮೇಲೊಂದು ಪ್ರಶ್ನೆ:
ನೀರಿಗೆ ನೀನು ಎಷ್ಟು ನಿಮಿಷ ದೂರ?
ಕೆಳಗೆ ಅವಳ ಒಂದು ಮಾತು:
‘ನಮ್ಮಲ್ಲಿ ಬಸುರಿಯರೂ ಬರುತ್ತಾರೆ,
ತಿಂಗಳು ತಿಂಗಳಿಗೆ ಬದಲಿಸಲು ಬರುವಂತಿರಲಿ.’

ಒಪ್ಪಿಗೆ ಒತ್ತಲು ನಾಲ್ಕು ದಿನ ಬೇಕಾಯಿತು.
ತೆರೆಯ ಮೇಲೆ ಹಳೆಯ ಸಾಲು ಕೆಂಪಗೆ,
ಹೊಸವು ಹಸಿರು ಹಸಿರು.
ಒತ್ತಿದೆ. ಏನೂ ಸದ್ದಾಗಲಿಲ್ಲ.

ಐದನೇ ಬೆಳಗ್ಗೆ ಅಮ್ಮನ ರಬ್ಬರು ಬೂಟು ಮೆಟ್ಟಿ
ಕೈಗಡಿಯಾರ ನೋಡುತ್ತ ಹೊಸಿಲು ದಾಟಿದೆ.
ತಿರುವಿನಲ್ಲಿ ನಿಲ್ಲಲಿಲ್ಲ,
ಹರಾಜುಕಟ್ಟೆಯ ಬಳಿಯೂ ನಿಲ್ಲಲಿಲ್ಲ.
ಎಂಟು ಅಂದುಕೊಂಡಿದ್ದೆ, ಹತ್ತಾಯಿತು.
ಬಂದು ಚೌಕದಲ್ಲಿ ಹತ್ತು ತುಂಬಿದೆ.
ಬೂಟು ಒಂದು ಅಳತೆ ದೊಡ್ಡದು,
ಅದಕ್ಕೇ ಇರಬೇಕು.